ಗಂಟು ಬಿಚ್ಚಿದ ಮನಸ್ಸು

‘ರೆಸಲ್ಯೂಟ್’ ಎಂಬ ಇಂಗ್ಲಿಷ್ ಪದಕ್ಕೆ ‘ದೃಢಮನಸ್ಸಿನ’ ಎಂದು ತರಗತಿಯಲ್ಲಿ ಅರ್ಥ ಹೇಳುತ್ತೇನೆ. ಅದರ ಲ್ಯಾಟಿನ್ ಮೂಲಕ್ಕಾದರೋ ‘ಸಡಿಲಿಸು, ಬಿಚ್ಚು’ ಎಂಬ ಅರ್ಥ! ಸಂದೇಹದ ಗಂಟು ಬಿಚ್ಚಿದ ಮೇಲೆ ತಾನೇ ನಿರ್ಧಾರ?

ಇದೇ ಹೆಸರಿನ ಬ್ರಿಟಿಷ್ ಹಡಗೊಂದು, ಕಾಣೆಯಾದ ಫ್ರಾಂಕ್ಲಿನ್ ತಂಡವನ್ನು ಹುಡುಕುತ್ತಾ ಹೋಗಿ ಉತ್ತರ ಧ್ರುವ ಪ್ರದೇಶದ ಹಿಮದಲ್ಲಿ ಸಿಕ್ಕಿಕೊಂಡಿತು. ನಾಯಕ ಕೆಲೆಟ್‌ಗೆ ಮನಸ್ಸಿರಲಿಲ್ಲ. ಮೇಲಧಿಕಾರಿಯ ಆಜ್ಞೆಯಂತೆ 1854ರಲ್ಲಿ ಅದನ್ನು ಬಿಟ್ಟುಬಂದರು. ಹಿಮ ಕದಲಿತು. ಜನರಿಲ್ಲದ ಹಡಗು ಸಾವಿರ ಮೈಲಿಗೂ ಹೆಚ್ಚು ತೇಲಿ, 1855ರಲ್ಲಿ ಅಮೆರಿಕದ ತಿಮಿಂಗಿಲ ಬೇಟೆಗಾರರಿಗೆ ಸಿಕ್ಕಿತು. ಅಮೆರಿಕ ಅದನ್ನು ದುರಸ್ತಿ ಮಾಡಿಸಿ 1856ರಲ್ಲಿ ಬ್ರಿಟನ್ನಿಗೆ ಮರಳಿಸಿತು. ಅದರ ಮರದಿಂದ ಮಾಡಿಸಿದ ಮೇಜನ್ನು 1880ರಲ್ಲಿ ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕೊಟ್ಟಳು.

ಇದ್ದಲ್ಲೇ ಸಹಿಸಿಕೊಂಡಿರುವುದನ್ನೇ ದೃಢತೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಹಡಗಿನ ಕಥೆಯನ್ನೂ ಹೇಳೋಣ.