ಎರಡನೇ ಭಾಗವನ್ನೇ ಮೊದಲು ನೋಡಿದವರು

2022ರ ಏಪ್ರಿಲ್ 14. ‘ಕೆಜಿಎಫ್ ಚಾಪ್ಟರ್ 2’ ಬಿಡುಗಡೆಯಾದ ದಿನ. ಬೆಳಗ್ಗೆಯಿಂದ ನಮ್ಮ ಸ್ಟುಡಿಯೋದಲ್ಲಿ ಅದು ಬಿಟ್ಟು ಬೇರೆ ಸುದ್ದಿಯೇ ಇರಲಿಲ್ಲ. ಥಿಯೇಟರ್ ಮುಂದೆ ಕಟೌಟು, ಹಾಲಿನ ಅಭಿಷೇಕ, ಪಟಾಕಿ. ರಾತ್ರಿ ಕಾರ್ಯಕ್ರಮದ ಹೊತ್ತಿಗೆ ನಾನೂ ಸ್ವಲ್ಪ ಜೋಶ್‌ನಲ್ಲೇ ಇದ್ದೆ. ಅದೇ ಜೋಶ್‌ನಲ್ಲಿ ಒಂದು ಮಾತು ಎಸೆದುಬಿಟ್ಟೆ: ‘ಒಂದೇ ಹೀರೋನ ಕಥೆಯನ್ನ ಮತ್ತೆ ಮತ್ತೆ ಥಿಯೇಟರಿಗೆ ಬಂದು ನೋಡೋ ಅಭ್ಯಾಸ ಕನ್ನಡದ ಪ್ರೇಕ್ಷಕನಿಗೆ ಹೊಸದು ವೀಕ್ಷಕರೇ. ಸೀಕ್ವೆಲ್ ಅನ್ನೋದು ಹಾಲಿವುಡ್ ನಮಗೆ ಕಲಿಸಿದ ಪಾಠ.’

ಮಾರನೇ ದಿನ ಆಫೀಸಿಗೆ ಒಂದು ಫೋನ್ ಬಂತು. ಹೊಳೆನರಸೀಪುರದಿಂದ. ನನಗೆ ಆ ಊರು ಹೊಸದೇನಲ್ಲ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದದ್ದು ಅಲ್ಲಿಂದ. ಚುನಾವಣೆ ಬಂದರೆ ಕ್ಯಾಮೆರಾ ಹೊತ್ತುಕೊಂಡು ಅಲ್ಲಿಗೆ ಓಡದ ಚಾನೆಲ್ ಯಾವುದಿದೆ ಹೇಳಿ? ಇದೂ ರಾಜಕೀಯದ ದೂರೇ ಇರಬೇಕು ಅಂದುಕೊಂಡು ಫೋನ್ ತಗೊಂಡೆ.

‘ಸ್ವಾಮಿ, ನಿನ್ನೆ ನೀವು ಹೇಳಿದ್ದು ಸುಳ್ಳು ಕಣ್ರೀ’ ಅಂದರು ಆ ಕಡೆಯವರು. ವಯಸ್ಸಾದ ದನಿ. ‘ಸೀಕ್ವೆಲ್ಲೋ ಗೀಕ್ವೆಲ್ಲೋ ನಂಗೊತ್ತಿಲ್ಲ. ಸಿಐಡಿ ತ್ರಿಬಲ್ ನೈನ್ ಎಷ್ಟು ಸಲ ಬಂತು ಲೆಕ್ಕ ಹಾಕ್ಕಳಿ. ನಾನೇ ಟೆಂಟ್‌ನಲ್ಲಿ ರೀಲು ಸುತ್ತಿದೀನಿ.’

ನಾನು ಸುಮ್ಮನಾದೆ. ಯಾಕೆ ಗೊತ್ತಾ? ಅವರು ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು.

ಲೆಕ್ಕ ಹಾಕೋಣ ಬನ್ನಿ. 1968ರಲ್ಲಿ ‘ಜೇಡರ ಬಲೆ’. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’. ಮರುವರ್ಷ, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕೂ ಚಿತ್ರಗಳಿಗೆ ನಿರ್ದೇಶಕರು ದೊರೆ-ಭಗವಾನ್. ನಾಲ್ಕರಲ್ಲೂ ಪತ್ತೇದಾರ ಡಾ. ರಾಜ್‌ಕುಮಾರ್. ಹಾಲಿವುಡ್‌ನವರು ಪೊಲೀಸ್ ಜೋಡಿಯ ಹೊಡೆದಾಟ-ನಗೆಯ ಸಿನಿಮಾ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಅದರ ಲೆಕ್ಕವನ್ನೂ ನೋಡಿ. ‘48 ಅವರ್ಸ್’ ಬಂದದ್ದು 1982ರಲ್ಲಿ, ಅದರ ಮುಂದಿನ ಭಾಗ 1990ರಲ್ಲಿ. ‘ಲೀಥಲ್ ವೆಪನ್’ 1987ರಲ್ಲಿ, ಅದರ ಎರಡನೇದು 1989ರಲ್ಲಿ. ‘ರಶ್ ಅವರ್’ 1998ರಲ್ಲಿ, ಎರಡನೇದು 2001ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಟೆಂಟುಗಳಲ್ಲಿ 999 ಬಂದು, ಕುಣಿದು, ಹಳಬನೂ ಆಗಿದ್ದ.

ಇಲ್ಲಿ ಇನ್ನೊಂದು ಉತ್ಪ್ರೇಕ್ಷೆಯನ್ನೂ ಸರಿ ಮಾಡಿಬಿಡಬೇಕು. ತಪ್ಪು ತಿದ್ದೋಕೆ ಕೂತಮೇಲೆ ನಮ್ಮ ಪರವಾಗಿರೋ ತಪ್ಪನ್ನ ಬಿಡೋದು ನ್ಯಾಯ ಅಲ್ಲ. ‘ಭಾರತದ ಮೊದಲ ಜೇಮ್ಸ್ ಬಾಂಡ್ ರಾಜ್‌ಕುಮಾರ್’ ಅಂತ ನಾವು ಟಿವಿಯವರು ವರ್ಷಕ್ಕೊಂದು ಸಲ ಹೇಳ್ತೀವಿ. ಬಾಂಡ್‌ನ ಮೊದಲ ಚಿತ್ರ ‘ಡಾಕ್ಟರ್ ನೋ’ ಬಂದದ್ದು 1962ರಲ್ಲಿ. ಅದರ ಗಾಳಿ ಇಡೀ ದೇಶಕ್ಕೆ ಬೀಸಿತ್ತು. ತೆಲುಗಿನಲ್ಲಿ ಕೃಷ್ಣ ಅವರ ‘ಗೂಢಚಾರಿ 116’, ತಮಿಳಿನಲ್ಲಿ ಜೈಶಂಕರ್ ಅವರ ‘ವಲ್ಲವನ್ ಒರುವನ್’ 1966ರಲ್ಲೇ ಬಂದಿದ್ದವು. ಹಿಂದಿಯಲ್ಲಿ ಜಿತೇಂದ್ರರ ‘ಫರ್ಜ್’ 1967ರಲ್ಲಿ. ಹಾಗಾಗಿ ಬಾಂಡ್ ವೇಷದಲ್ಲಿ ನಾವು ಮೊದಲಿಗರಲ್ಲ. ನಮ್ಮವರ ಹೆಚ್ಚುಗಾರಿಕೆ ಬೇರೆ. ವೇಷ ಹಾಕಿದವನನ್ನ ಒಂದೇ ಸಿನಿಮಾಕ್ಕೆ ಮನೆಗೆ ಕಳಿಸಲಿಲ್ಲ. ಮತ್ತೆ ಕರೆದರು, ಮತ್ತೆ ಮತ್ತೆ ಕರೆದರು.

ಅದೇನು ಸಣ್ಣ ಧೈರ್ಯ ಅಲ್ಲ. ಆಗಿನ ಪ್ರೇಕ್ಷಕರ ಕಣ್ಣಲ್ಲಿ ರಾಜ್‌ಕುಮಾರ್ ಯಾರು? 1954ರಲ್ಲಿ ಬೇಡರ ಕಣ್ಣಪ್ಪನಾಗಿ ಶಿವನಿಗೆ ಕಣ್ಣು ಕೊಟ್ಟವರು. 1966ರಲ್ಲಿ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾದವರು. 1967ರಲ್ಲಿ ಇಮ್ಮಡಿ ಪುಲಿಕೇಶಿ. ಅಂಥವರ ಕೈಗೆ ಮರುವರ್ಷ ಪಿಸ್ತೂಲು, ಮೈಗೆ ಸೂಟು! ಜನ ಒಪ್ಪಿದರು. ಒಪ್ಪೋದಕ್ಕೆ ಕಾಲವೂ ಹದವಾಗಿತ್ತು. ಗೋವಾ ಪೋರ್ಚುಗೀಸರ ಕೈಯಿಂದ ಬಿಡಿಸಿಕೊಂಡದ್ದು 1961ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಅಂತ ಅಲ್ಲಿ ಜನಮತ ನಡೆದದ್ದು 1967ರ ಜನವರಿಯಲ್ಲಿ. ಕೇಂದ್ರ ಸರ್ಕಾರದ ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದು 1968ರಲ್ಲಿ. ಕಳ್ಳಸಾಗಣೆ ಅನ್ನೋದು ಪೇಪರಿನ ಮುಖಪುಟದ ಮಾತಾಗಿತ್ತು. ಇವತ್ತು ಗೋವಾ ಅಂದರೆ ಬೀಚು, ರೆಸಾರ್ಟು ನೆನಪಾಗುತ್ತೆ. 1968ರಲ್ಲಿ ಪೋಸ್ಟರ್ ಮೇಲೆ ‘ಗೋವಾದಲ್ಲಿ’ ಅಂತ ಬರೆದರೆ, ಅದು ನಾವು ಈಗ ಹಾಕ್ತೀವಲ್ಲ, ಬ್ರೇಕಿಂಗ್ ನ್ಯೂಸ್, ಹಾಗೆ ಕಾಣಿಸ್ತಿತ್ತು.

ಸರಿ, ಸೀಕ್ವೆಲ್ ಆಯ್ತು. ಜೋಡಿ ಎಲ್ಲಿ? ಒಬ್ಬನೇ ಪತ್ತೇದಾರ ಅಲ್ವಾ ಅಂತ ನೀವು ಕೇಳಬಹುದು.

ಜೋಡಿ ಇತ್ತು. ಅವರ ಹೆಸರು ನರಸಿಂಹರಾಜು. ತಿಪಟೂರಿನವರು. ತಿಪಟೂರು ಲೆಕ್ಕಕ್ಕೆ ತುಮಕೂರು ಜಿಲ್ಲೆ, ಆದರೆ ಅರಸೀಕೆರೆಯವರಿಗೆ, ಚನ್ನರಾಯಪಟ್ಟಣದವರಿಗೆ ಪಕ್ಕದ ಮನೆ ಇದ್ದ ಹಾಗೆ. ರಾಜ್‌ಕುಮಾರ್, ನರಸಿಂಹರಾಜು ಇಬ್ಬರೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ರಾಜ್‌ಕುಮಾರ್ ನಾಯಕರಾದದ್ದೂ, ನರಸಿಂಹರಾಜು ತೆರೆಗೆ ಬಂದದ್ದೂ ಒಂದೇ ಚಿತ್ರದಲ್ಲಿ, ‘ಬೇಡರ ಕಣ್ಣಪ್ಪ’ದಲ್ಲಿ. 1968ರ ಎರಡೂ 999 ಚಿತ್ರಗಳಲ್ಲಿ ಹೀರೋ ಬಂದೂಕು ಹಿಡಿದರೆ, ನಗಿಸೋ ಭಾರ ನರಸಿಂಹರಾಜು ಅವರ ಮೇಲೆ. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಪಡೆದು ಆಮೇಲೆ ರಾಜ್‌ಕುಮಾರ್ ಹತ್ತಿರ ಹೋಗ್ತಿದ್ದರು ಅನ್ನೋ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತೆ.

ಹಾಲಿವುಡ್ ಜೋಡಿಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಇಬ್ಬರೂ ಸಮಾನರು. ಮೊದಲು ಕಚ್ಚಾಡ್ತಾರೆ, ಆಮೇಲೆ ಕೂಡ್ತಾರೆ. ನಮ್ಮಲ್ಲಿ ಜಗಳ ಇಲ್ಲ. ಒಬ್ಬ ಧೀರ, ಇನ್ನೊಬ್ಬ ಅಂಜುಬುರುಕ. ಆದರೂ ಒಬ್ಬರನ್ನೊಬ್ಬರು ಬಿಟ್ಟಿರೋರಲ್ಲ. ಈ ಅಚ್ಚು ಅಮೆರಿಕದಿಂದ ಬಂದದ್ದಲ್ಲ. ಹಾಸನ-ತುಮಕೂರು ಸೀಮೆಯ ಮೂಡಲಪಾಯ ಬಯಲಾಟ ನೋಡಿದವರಿಗೆ ಕೋಡಂಗಿ ಗೊತ್ತು. ರಾಜ ಎಷ್ಟೇ ಅಬ್ಬರಿಸಲಿ, ಪಕ್ಕದಲ್ಲಿ ಕೋಡಂಗಿ ಇದ್ದರೇನೇ ಆಟ ಕಳೆಗಟ್ಟೋದು. 999 ಸೂಟು ಹಾಕಿದ್ದು ಬಾಂಡ್‌ನಿಂದ ಇರಬಹುದು, ಪಕ್ಕದಲ್ಲಿ ಕೋಡಂಗಿಯನ್ನ ಕರೆತಂದದ್ದು ನಮ್ಮ ಅಟ್ಟದಿಂದಲೇ.

ಈಗ ಫೋನ್ ಮಾಡಿದ ಯಜಮಾನರ ಹತ್ತಿರ ವಾಪಸ್ ಹೋಗೋಣ. ಹುಡುಗನಾಗಿದ್ದಾಗ ಅರಕಲಗೂಡಿನ ಕಡೆ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಕೈಕೆಳಗೆ ಇದ್ದವರು ಅವರು. ‘ಯಜಮಾನ್ರೇ, ನಾಲ್ಕರಲ್ಲಿ ಮೊದಲು ಯಾವುದು ನೋಡಿದ್ರಿ?’ ಅಂತ ಕೇಳಿದೆ.

‘ಗೋವಾದಲ್ಲಿ. ಜೇಡರ ಬಲೆ ನಮಗೆ ಬಂದಿದ್ದು ಆಮ್ಯಾಲೆ.’

‘ಎರಡನೇದು ಮೊದಲು ನೋಡಿದ್ರೆ ಕಥೆ ಗೊತ್ತಾಗ್ತಿತ್ತಾ?’

‘ಅದ್ಯಾಕ್ ಗೊತ್ತಾಗಕಿಲ್ಲ? ರಾಜ್‌ಕುಮಾರು ಅಂತ ಗೊತ್ತಿತ್ತಲ್ಲ!’

ಆ ಒಂದು ಉತ್ತರ ನನ್ನ ತಲೆಯಲ್ಲಿ ಕೂತುಬಿಡ್ತು. ನಮ್ಮ ಸೀಕ್ವೆಲ್‌ಗಳ ಇತಿಹಾಸ ಇರೋದೇ ಅದರಲ್ಲಿ.

ಆಗ ಸಿನಿಮಾ ಒಂದೇ ದಿನ ಸಾವಿರಾರು ಪರದೆಗೆ ಬರ್ತಿರಲಿಲ್ಲ. ಪ್ರಿಂಟುಗಳು ಎಣಿಸಿದಷ್ಟೇ. ಮೊದಲು ಬೆಂಗಳೂರು, ಮೈಸೂರಿನಂಥ ‘ಎ ಸೆಂಟರ್’. ಅಲ್ಲಿ ಓಡಿ ಮುಗಿದಮೇಲೆ ಹಾಸನದಂಥ ಜಿಲ್ಲಾ ಕೇಂದ್ರ. ಆಮೇಲೆ ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು. ಕೊನೆಗೆ ಹೋಬಳಿಯ ಟೆಂಟು, ಜಾತ್ರೆಯ ಟೆಂಟು. ಮೈಸೂರು-ಅರಸೀಕೆರೆ ರೈಲು ಹೊಳೆನರಸೀಪುರ, ಹಾಸನದ ಮೇಲೆ ಹಾದುಹೋಗುತ್ತೆ. ಹಾಗಾಗಿ ಅಲ್ಲಿಗೆ ರೈಲಿನ ದಾರಿಯಾದರೂ ಇತ್ತು. ಚನ್ನರಾಯಪಟ್ಟಣಕ್ಕೆ, ಅರಕಲಗೂಡಿಗೆ ಆಗ ರೈಲಿಲ್ಲ. ಅರಕಲಗೂಡಿಗೆ ಇವತ್ತಿಗೂ ಇಲ್ಲ. ಅಲ್ಲಿಗೆಲ್ಲ ರೀಲಿನ ಡಬ್ಬ ಹೋಗಬೇಕಿದ್ದದ್ದು ಬಸ್ಸಿನ ಟಾಪ್ ಮೇಲೆ. ಯಾವ ಡಬ್ಬ ಯಾವಾಗ ಖಾಲಿ ಇರುತ್ತೋ, ಯಾವುದರ ಬಾಡಿಗೆ ಟೆಂಟಿನವರ ಕೈಗೆ ಎಟುಕುತ್ತೋ, ಅದು ಬರೋದು. ರಾಮನಾಥಪುರದ ಸುಬ್ರಹ್ಮಣ್ಯ ಜಾತ್ರೆಗೆ ಬಂದವನು ಅಲ್ಲಿ ಯಾವ ಸಿನಿಮಾ ಇದೆಯೋ ಅದನ್ನ ನೋಡಿಕೊಂಡು ಹೋಗಬೇಕು. ‘ಇದರ ಹಿಂದಿನದು ನೋಡಿದ್ದೀಯಾ’ ಅಂತ ಟಿಕೆಟ್ ಕೊಡೋನು ಕೇಳೋಕಾಗುತ್ತಾ?

ಇಂಥ ಕಡೆ, ಹಿಂದಿನ ಭಾಗ ನೋಡಿದರೆ ಮಾತ್ರ ಅರ್ಥವಾಗೋ ಎರಡನೇ ಭಾಗ ಮಾಡಿದರೆ ಏನಾಗ್ತಿತ್ತು? ಅರ್ಧ ಜಿಲ್ಲೆ ಎದ್ದು ಹೋಗ್ತಿತ್ತು. ಅದಕ್ಕೇ 999ರ ಒಂದೊಂದು ಚಿತ್ರವೂ ತನ್ನಷ್ಟಕ್ಕೆ ತಾನು ಪೂರ್ತಿ. ಹೊಸ ಊರು, ಹೊಸ ಕಳ್ಳ, ಹೊಸ ನಾಯಕಿ. ‘ಗೋವಾದಲ್ಲಿ’ ಚಿತ್ರದಿಂದ ಲಕ್ಷ್ಮಿ ಕನ್ನಡಕ್ಕೆ ಬಂದರು. ‘ಜಾಕ್‌ಪಾಟ್’ನಲ್ಲಿ ರೇಖಾ. ಮುಂದೆ ಹಿಂದಿ ಚಿತ್ರರಂಗವನ್ನ ಆಳಿದ ಅದೇ ರೇಖಾ. ಬದಲಾಗದೆ ಉಳಿದದ್ದು ಆ ಮನುಷ್ಯ, ಆ ನಂಬರು. ಪೋಸ್ಟರಿನ ಮೇಲೆ ಎರಡು, ಮೂರು ಅಂತ ಇರಲಿಲ್ಲ. 999 ಅಂತ ಇತ್ತು. ಅಂದರೆ ಅಂಕಿ ಇದ್ದದ್ದು ಮನುಷ್ಯನಿಗೆ, ಸಿನಿಮಾಕ್ಕಲ್ಲ.

ಅದು ಬದಲಾದದ್ದು ಯಾವಾಗ? ಅದಕ್ಕೊಂದು ಒಳ್ಳೇ ಗುರುತು ಶಂಕರ್‌ನಾಗ್. 1988ರಲ್ಲಿ ‘ಸಾಂಗ್ಲಿಯಾನ’ ಬಂತು. ಪಿ. ನಂಜುಂಡಪ್ಪ ನಿರ್ದೇಶನ. ಎಚ್.ಟಿ. ಸಾಂಗ್ಲಿಯಾನ ಆಗ ಕೆಲಸದಲ್ಲೇ ಇದ್ದ ಐಪಿಎಸ್ ಅಧಿಕಾರಿ. ಮಿಜೋರಾಂ ಮೂಲದವರು. ಮುಂದೆ ಬೆಂಗಳೂರಿನ ಪೊಲೀಸ್ ಕಮಿಷನರ್ ಆದರು, 2004ರಲ್ಲಿ ಸಂಸದರೂ ಆದರು. ಕರ್ತವ್ಯದಲ್ಲಿದ್ದ ಪೊಲೀಸ್ ಅಧಿಕಾರಿಯ ಹೆಸರನ್ನೇ ಸಿನಿಮಾಕ್ಕೆ ಇಟ್ಟರು. ಹಳ್ಳಿ ಹಳ್ಳಿಯಲ್ಲೂ ಎಸ್‌ಪಿ ಅಂದರೆ ಯಾರು ಅಂತ ಮಕ್ಕಳಿಗೆ ಗೊತ್ತಾದದ್ದು ಅಲ್ಲಿಂದ. 1990ರಲ್ಲಿ ‘ಎಸ್‌ಪಿ ಸಾಂಗ್ಲಿಯಾನ ಭಾಗ 2’ ಬಂತು. ನೋಡಿ, ಅಂಕಿ ಈಗ ಸಿನಿಮಾದ ಹೆಗಲೇರಿತು. ಕಾಲವೂ ಬದಲಾಗಿತ್ತು. ವಿಡಿಯೋ ಕ್ಯಾಸೆಟ್ ಬಂದಿತ್ತು. ಮೊದಲನೇದನ್ನ ಬಿಟ್ಟವನು ಬಾಡಿಗೆಗೆ ತಂದು ನೋಡಬಹುದಿತ್ತು. ಆದರೆ ಮೂರನೇ ಭಾಗಕ್ಕೆ ಶಂಕರ್‌ನಾಗ್ ಉಳಿಯಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡರು.

ಆಮೇಲಿನದು ನಿಮಗೆ ಗೊತ್ತಿರೋದೇ. ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’ 1996ರಲ್ಲಿ, ಅದರ ಎರಡನೇದು 2007ರಲ್ಲಿ. ಸುದೀಪ್ ‘ಕೆಂಪೇಗೌಡ’ ಆದದ್ದು 2011ರಲ್ಲಿ. 2019ರ ‘ಕೆಂಪೇಗೌಡ 2’ರಲ್ಲಿ ಖಾಕಿ ಹಾಕಿದವರು ಯಾರು? ಕೋಮಲ್! ಹೀರೋ ಪಕ್ಕದಲ್ಲಿ ನಿಂತು ನಗಿಸ್ತಿದ್ದ ನಟ ತಾನೇ ಇನ್ಸ್‌ಪೆಕ್ಟರ್ ಆಗಿ ಬಂದ. ಅಲ್ಲಿ ಮನುಷ್ಯ ಬದಲಾಗಿದ್ದ, ಕಥೆ ಬದಲಾಗಿತ್ತು, ಹೆಸರು ಮತ್ತು ಅಂಕಿ ಮಾತ್ರ ಉಳಿದಿತ್ತು. 1968ರ ಲೆಕ್ಕ ಪೂರ್ತಿ ತಲೆಕೆಳಗು. ಕೋಮಲ್ ಅವರನ್ನ ದೂರೋಕೆ ಈ ಮಾತಲ್ಲ. ಸೀಕ್ವೆಲ್ ಅನ್ನೋ ಪದದ ಅರ್ಥ ಎಲ್ಲಿಂದ ಎಲ್ಲಿಗೆ ಬಂತು ಅಂತ ತೋರಿಸೋಕೆ.

ಯಜಮಾನರು ಫೋನ್ ಇಡೋ ಮುಂಚೆ ಒಂದು ಕೇಳಿದರು. ‘ನಿಮ್ ಟಿವೀಲಿ ನರಸಿಂಹರಾಜು ಬರೋ ಸೀನು ಒಂದಾದ್ರೂ ಹಾಕಿ ಸ್ವಾಮಿ. ರಾಜ್‌ಕುಮಾರ್‌ದು ಎಲ್ರೂ ಹಾಕ್ತಾರೆ.’

ಹುಡುಕಿಸಿದೆ. ನಮ್ಮ ಲೈಬ್ರರಿಯಲ್ಲಿ 999 ಅಂತ ಹಾಕಿದರೆ ಬಂದದ್ದು ‘ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು. ಇಂಟರ್‌ನೆಟ್ ಕಾಲದ ಹುಡುಗರಿಗೆ 999 ಅಂದರೆ ಅದೊಂದೇ. ನರಸಿಂಹರಾಜು ಹೆಸರಲ್ಲಿ ಹುಡುಕಿದರೆ ಒಂದು ಫೋಟೋ ಸಿಕ್ಕಿತು. ನಾಲ್ಕನೇ ಚಿತ್ರ ಬಂದ ಮರುವರ್ಷ, 1979ರಲ್ಲಿ ತೀರಿಕೊಂಡವರು ಅವರು. ಪ್ರತಿ ಊರಿನ ಟೆಂಟನ್ನ ನಗಿಸಿದ ಮನುಷ್ಯ, ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಮಾತಾಡೋ ನಮ್ಮ ಕಚೇರಿಯಲ್ಲಿ ಒಂದು ಫೋಟೋ!

ಅಂದು ರಾತ್ರಿ ಕಾರ್ಯಕ್ರಮದ ಕೊನೆಗೆ ತಿದ್ದುಪಡಿ ಹೇಳಿದೆ. ಆ ಫೋಟೋ ಹಾಕಿ, ‘ನಿನ್ನೆ ನಾನು ಹೇಳಿದ್ದು ತಪ್ಪು’ ಅಂದೆ. ಅರ್ಧ ನಿಮಿಷದ ಕೆಲಸ. ‘ಇತಿಹಾಸದಲ್ಲೇ ಮೊದಲು’ ಅಂತ ನಾವು ದಿನಕ್ಕೆ ಎಷ್ಟು ಸಲ ಕೂಗ್ತೀವಿ? ಒಂದೊಂದು ಸಲ ಕೂಗಿದಾಗಲೂ, ನಿಜವಾಗಿ ಮೊದಲು ಮಾಡಿದವರೊಬ್ಬರ ಹೆಸರಿನ ಮೇಲೆ ಮಣ್ಣು ಹಾಕಿರ್ತೀವಿ. ಅದನ್ನ ಕೆದಕಿ ತೆಗೆಯೋಕೆ ಟೆಂಟಿನಲ್ಲಿ ರೀಲು ಸುತ್ತಿದವರೊಬ್ಬರು ಫೋನ್ ಮಾಡಬೇಕಾಯ್ತು. ಅಂಥವರು ಎಷ್ಟು ದಿನ ಫೋನ್ ಮಾಡ್ತಾರೆ?

ಹಾಗಾಗಿ ಇವತ್ತು ನಿಮ್ಮಲ್ಲಿ ಒಂದು ವಿನಂತಿ. ಹಾಸನವೇ ಇರಲಿ, ಅರಕಲಗೂಡೇ ಇರಲಿ, ಮನೆಯಲ್ಲಿ ಎಪ್ಪತ್ತು ದಾಟಿದ ತಾತ, ಅಜ್ಜಿ ಇದ್ದರೆ, ನಾಳೆ ಟಿವಿ ಆಫ್ ಮಾಡಿ ಪಕ್ಕದಲ್ಲಿ ಕೂತುಕೊಳ್ಳಿ. 999 ಯಾವ ಟೆಂಟಿನಲ್ಲಿ ನೋಡಿದಿರಿ, ಯಾವುದು ಮೊದಲು ಬಂತು, ಯಾವ ಸೀನಿಗೆ ಹೆಚ್ಚು ನಕ್ಕಿರಿ ಅಂತ ಕೇಳಿ. ಹೇಳಿದ್ದನ್ನ ಬರೆದಿಡಿ. ನನ್ನ ಕಾರ್ಯಕ್ರಮ ಒಂದು ದಿನ ತಪ್ಪಿದರೆ ಪರವಾಗಿಲ್ಲ.