ಸ್ಪ್ರಿಂಗ್ ಬಿಟ್ಟು ರಬ್ಬರಿನ ಕಡೆಗೆ

ಜಪಾನಿನಲ್ಲಿ ಸಾಮಾನ್ಯರಿಗೆ ಬಂದೂಕು ಸಿಗುವುದು ಬಲು ಕಷ್ಟ. ಆ ಕೊರತೆಯಿಂದಲೇ, 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಆಟ ಅಲ್ಲಿ ಬೆಳೆಯಿತು. ಸ್ನೈಪರ್ ರೈಫಲ್ ದೂರ ಹೊಡೆಯಬೇಕೆಂದರೆ ಗಟ್ಟಿ ಸ್ಪ್ರಿಂಗ್ ಹಾಕುವುದೇ ಸುಲಭದ ಉಪಾಯ. ಆದರೆ 2006ರಲ್ಲಿ ಕಾನೂನು ತಿದ್ದುಪಡಿಯಾಗಿ, ಇಂಥ ಗುಂಡಿನ ಶಕ್ತಿಗೆ ಸುಮಾರು 0.98 ಜೂಲ್ ಮಿತಿ ಬಿತ್ತು. ಬಲದ ದಾರಿ ಮುಚ್ಚಿತು. ಉಳಿದದ್ದು ನಯಗಾರಿಕೆಯ ದಾರಿ.

ನಳಿಗೆಯ ಬುಡದಲ್ಲಿ ಹಾಪ್‌ಅಪ್ ಎಂಬ ರಬ್ಬರ್ ಇರುತ್ತದೆ. ಅದು ಗುಂಡಿನ ನೆತ್ತಿ ಸವರಿ ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿಯೇ ಎತ್ತಿಹಿಡಿಯುತ್ತದೆ. ಜರ್ಮನಿಯ ಹೈನ್ರಿಖ್ ಮ್ಯಾಗ್ನಸ್ 1850ರ ದಶಕದಲ್ಲಿ ವಿವರಿಸಿದ್ದ ಪರಿಣಾಮವಿದು. ರಬ್ಬರ್ ಸಮನಾಗಿ ಒತ್ತಬೇಕು, ಪಿಸ್ಟನ್ ತಳ್ಳಿದ ಗಾಳಿ ಸೋರಬಾರದು, ನಳಿಗೆಯ ಒಳಮೈ ನುಣುಪಾಗಿರಬೇಕು. 0.2 ಗ್ರಾಮಿಗಿಂತ ಭಾರದ ಗುಂಡು ನಿಧಾನವಾಗಿ ಹೊರಟರೂ ಗಾಳಿಗೆ ಅಷ್ಟಾಗಿ ದಾರಿ ತಪ್ಪುವುದಿಲ್ಲ. ಶಕ್ತಿ ಮಿತಿಯೊಳಗೇ ಇದ್ದರೂ ಗುರಿ ಸುಧಾರಿಸುವುದು ಹೀಗೆ.