ಮನೆತನದ ಮಾತು ಮುಚ್ಚಿಡಬಾರದು: ಕಿಡ್ನಿ ಕ್ಯಾನ್ಸರಿನ ಬೆನ್ನು ಹತ್ತಿದ ಒಬ್ಬ ಸರ್ಕಾರಿ ವೈದ್ಯನ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣ ಎಂದುಕೊಂಡಿದ್ದೆ. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ವೈದ್ಯನಲ್ಲ, ಇತಿಹಾಸಕಾರನೂ ಅಲ್ಲ. ಆದರೂ ಹತ್ತನೇ ತರಗತಿಯಲ್ಲಿ ಇದೇ ಶಾಲೆಯ ಕರಿಹಲಗೆಯ ಮೇಲೆ ಕಲಿತ ಮೆಂಡಲನ ಬಟಾಣಿ ಪಾಠ ಒಂದು ದಿನ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು. ಅದರಿಂದ ಶುರುವಾದ ಓದಿನ ಫಲ ಈ ಲೇಖನ.

ನನ್ನ ಕಾಕಾ ಖಾನಾಪುರ ತಾಲ್ಲೂಕಿನ ನಮ್ಮ ಊರಲ್ಲಿ ಭತ್ತದ ಗದ್ದೆ ನೋಡಿಕೊಂಡಿದ್ದವರು. ಅವರಿಗೆ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿತು. ನೋವಿಲ್ಲ, ಜ್ವರವಿಲ್ಲ. "ಉಷ್ಣ ಆಗೇತಿ" ಎಂದು ಜೀರಿಗೆ ನೀರು, ಎಳನೀರು ಕುಡಿದರು. ಒಂದು ವಾರ ನಿಂತಿತು, ಮತ್ತೆ ಬಂತು. ಹೀಗೆ ಎಂಟು ತಿಂಗಳು ಕಳೆದವು. ಕೊನೆಗೆ ಬೆಳಗಾವಿಗೆ ಬಂದು ಶಿವಬಸವ ನಗರದ ನಮ್ಮ ಮನೆಯಲ್ಲಿ ಉಳಿದು ಸ್ಕ್ಯಾನಿಂಗ್ ಮಾಡಿಸಿದರು. ಎಡ ಮೂತ್ರಪಿಂಡದಲ್ಲಿ ಗಡ್ಡೆ ಇತ್ತು. ಅದು ಆಗಲೇ ಶ್ವಾಸಕೋಶಕ್ಕೂ ಹರಡಿತ್ತು.

ವೈದ್ಯರು ಕೇಳಿದರು: "ನಿಮ್ಮ ಮನೆತನದಾಗ ಯಾರಿಗಾದ್ರೂ ಈ ರೋಗ ಇತ್ತೇನ್ರಿ?" ಜೊತೆಗಿದ್ದ ಅಜ್ಜಿ ತಡಮಾಡದೆ, "ಯಾರಿಗೂ ಇಲ್ರೀ ಸಾಹೇಬ್ರ" ಎಂದಳು. ಆಟೋದಲ್ಲಿ ಬರುವಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ನಿಮ್ಮ ಅಜ್ಜನ ತಮ್ಮಗೂ ಹಿಂಗ ರಕ್ತ ಹೊಂಟಿತ್ತು. ಮನ್ಯಾಗ ಹುಡುಗಿ ಲಗ್ನಕ್ಕ ಬಂದಾಳ. ಮಂದಿ ಮುಂದ ಇದನ್ನೆಲ್ಲಾ ಹೇಳತಾರೇನು?" ಮರುವರ್ಷ ಕಾಕಾ ತೀರಿಕೊಂಡರು. ಅಜ್ಜಿಯನ್ನು ದೂರಲು ನನಗೆ ಮನಸ್ಸಿಲ್ಲ. ಅವಳು ಕಾಪಾಡಲು ನೋಡಿದ್ದು ಮೊಮ್ಮಗಳನ್ನು. ಆದರೆ ವೈದ್ಯರು ಆ ಪ್ರಶ್ನೆ ಏಕೆ ಕೇಳಿದರು ಎಂಬುದು ನನ್ನ ತಲೆಯಲ್ಲಿ ಉಳಿಯಿತು. ಅದರ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಹೆಸರು ಡಾ. ಮಾರ್ಸ್ಟನ್ ಲಿನೆಹಾನ್.

ಲಿನೆಹಾನ್ ಅಮೆರಿಕದ ಒಕ್ಲಹೋಮಾದಲ್ಲಿ ವೈದ್ಯಕೀಯ ಓದಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೂತ್ರಾಂಗಗಳ ಶಸ್ತ್ರಚಿಕಿತ್ಸೆ ಕಲಿತವರು. 1982ರಲ್ಲಿ ಅವರು ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಸೇರಿದರು. ಅದು ಅಲ್ಲಿನ ಸರ್ಕಾರದ ಸಂಸ್ಥೆ. ಸಂಶೋಧನೆಗೆ ಒಪ್ಪಿ ಅಲ್ಲಿನ ಆಸ್ಪತ್ರೆಗೆ ಬರುವ ರೋಗಿಗಳಿಂದ ಚಿಕಿತ್ಸೆಗೆ ಹಣ ಪಡೆಯುವುದಿಲ್ಲ. ನಮ್ಮ ಸರ್ಕಾರಿ ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ವಿಶೇಷವಾಗಿ ಹೇಳಬೇಕೆನಿಸಿತು. ನುರಿತ ಶಸ್ತ್ರವೈದ್ಯನೊಬ್ಬ ಖಾಸಗಿ ಆಸ್ಪತ್ರೆಯ ಗಳಿಕೆ ಬಿಟ್ಟು, ಒಂದೇ ಸರ್ಕಾರಿ ಸಂಸ್ಥೆಯಲ್ಲಿ ದಶಕಗಟ್ಟಲೆ ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಕಥೆ ಇದು.

ಆ ಕಾಲದಲ್ಲಿ ಕಿಡ್ನಿ ಕ್ಯಾನ್ಸರ್ ಎಂದರೆ ಒಂದೇ ರೋಗ, ಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ: ಗಡ್ಡೆಯಿರುವ ಮೂತ್ರಪಿಂಡವನ್ನು ತೆಗೆದುಹಾಕುವುದು. ಹರಡುವ ಮೊದಲೇ ಸಿಕ್ಕರೆ ರೋಗಿ ಉಳಿಯುತ್ತಿದ್ದ. ಹರಡಿದ ಮೇಲೆ ವೈದ್ಯರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಬೇರೆ ಕ್ಯಾನ್ಸರುಗಳಿಗೆ ಕೊಡುವ ಕೀಮೋಥೆರಪಿ ಔಷಧಗಳಿಗೆ ಈ ಗಡ್ಡೆ ಜಗ್ಗುತ್ತಿರಲಿಲ್ಲ. ರೋಗದ ಮೂಲ ಎಲ್ಲಿದೆ ಎಂದು ತಿಳಿಯದೆ ಔಷಧ ಹುಡುಕುವುದು ಕತ್ತಲಲ್ಲಿ ಕೈಯಾಡಿಸಿದಂತೆ ಎಂದು ಲಿನೆಹಾನ್ ಮತ್ತು ಅವರ ಸಹೋದ್ಯೋಗಿ ಬರ್ಟನ್ ಜ್ಬಾರ್ ಮೂಲಕ್ಕೇ ಹೊರಟರು. ಒಬ್ಬನೇ ರೋಗಿಯ ಗಡ್ಡೆಯ ಡಿಎನ್‌ಎಯನ್ನೂ ಅವನ ಆರೋಗ್ಯವಂತ ಅಂಗಾಂಶದ ಡಿಎನ್‌ಎಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ನಮ್ಮ ಕೆಲಸದಲ್ಲಿಯೂ ಹೀಗೆಯೇ. ಸರಿಯಾಗಿ ಓಡುವ ಪ್ರೋಗ್ರಾಮನ್ನೂ ಕೆಟ್ಟದ್ದನ್ನೂ ಸಾಲುಸಾಲಾಗಿ ಹೋಲಿಸಿದರೆ ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ. 1987ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಇಷ್ಟು: ಗಡ್ಡೆಗಳಲ್ಲಿ 3ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ಒಂದು ತುಂಡು ಕಳೆದುಹೋಗಿದೆ.

ಆದರೆ ಆ ತುಂಡಿನಲ್ಲಿ ಎಷ್ಟೋ ಜೀನುಗಳಿದ್ದವು. ಯಾವುದು ಅಪರಾಧಿ? ಇಲ್ಲಿಯೇ ಅವರು ಪ್ರಯೋಗಾಲಯದ ಜೊತೆಗೆ ಮನೆತನಗಳ ಕಡೆಗೂ ತಿರುಗಿದರು. ವಾನ್ ಹಿಪೆಲ್-ಲಿಂಡಾವ್ ಎಂಬ ಅಪರೂಪದ ಆನುವಂಶಿಕ ರೋಗವೊಂದಿದೆ, ಚಿಕ್ಕದಾಗಿ ವಿಎಚ್‌ಎಲ್. ಸುಮಾರು 36,000 ಜನನಗಳಲ್ಲಿ ಒಂದರಲ್ಲಿ ಕಾಣುವಂಥದು. ಇದಿರುವ ಮನೆತನಗಳಲ್ಲಿ ಕಣ್ಣು, ಮೆದುಳು, ಬೆನ್ನುಹುರಿಗಳಲ್ಲಿ ಗಡ್ಡೆಗಳಾಗುತ್ತವೆ. ಹಲವರಿಗೆ ಎರಡೂ ಮೂತ್ರಪಿಂಡಗಳಲ್ಲಿ ಕ್ಯಾನ್ಸರ್ ಬರುತ್ತದೆ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮೆಂಡಲನ ಪಾಠದ ಪ್ರಬಲ ಗುಣ ಎಂದರೆ ಇದೇ.

ನಾನು ಚಿಕ್ಕವನಿದ್ದಾಗ ಊರಿಗೆ ಎತ್ತಿನೊಂದಿಗೆ ಹೆಳವರು ಬರುತ್ತಿದ್ದರು. ಕಟ್ಟೆಯ ಮೇಲೆ ಕುಳಿತು ನಮ್ಮ ತಲೆತಲಾಂತರದ ಹೆಸರುಗಳನ್ನು ಒಂದೂ ಬಿಡದೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಪಡೆದು ಹೋಗುತ್ತಿದ್ದರು. ಲಿನೆಹಾನರ ತಂಡ ಮಾಡಿದ್ದೂ ಒಂದು ರೀತಿಯಲ್ಲಿ ಹೆಳವರ ಕೆಲಸವೇ. ಅಜ್ಜ ಯಾರು, ಅವನ ಮಕ್ಕಳೆಷ್ಟು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಕೇಳಿ ವಂಶವೃಕ್ಷ ಬರೆದರು. ನಮ್ಮ ಹೆಳವರ ಪುಸ್ತಕದಲ್ಲಿ ಇಲ್ಲದ ಒಂದು ಅಂಕಣ ಅವರಲ್ಲಿತ್ತು: ಯಾರು ಯಾವ ರೋಗದಿಂದ ಸತ್ತರು. ಮನೆತನದವರು ರಕ್ತ ಕೊಟ್ಟರು, ಕಣ್ಣು ಪರೀಕ್ಷೆ ಮಾಡಿಸಿಕೊಂಡರು, ಸ್ಕ್ಯಾನಿಂಗಿಗೆ ಮೈಯೊಡ್ಡಿದರು. ತಮಗೆ ಔಷಧ ಸಿಗುತ್ತದೆಂಬ ಭರವಸೆ ಅವರಲ್ಲಿ ಯಾರಿಗೂ ಇರಲಿಲ್ಲ.

1993ರಲ್ಲಿ ಜ್ಬಾರ್, ಮೈಕೆಲ್ ಲರ್ಮನ್, ಲಿನೆಹಾನ್ ಮತ್ತು ಇಂಗ್ಲೆಂಡಿನ ಸಂಶೋಧಕರು ಸೇರಿ ಆ ಜೀನನ್ನು ಪತ್ತೆಮಾಡಿದರು. ಮರುವರ್ಷ ಅದಕ್ಕಿಂತ ದೊಡ್ಡ ಸಂಗತಿ ಹೊರಬಿತ್ತು. ಮನೆತನದಲ್ಲಿ ಯಾರಿಗೂ ರೋಗವಿಲ್ಲದ ಸಾಮಾನ್ಯ ರೋಗಿಗಳ ಗಡ್ಡೆಗಳಲ್ಲಿಯೂ ಬಹುಪಾಲು ಇದೇ ಜೀನು ಕೆಟ್ಟಿತ್ತು. ಕಿಡ್ನಿ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ 'ಕ್ಲಿಯರ್ ಸೆಲ್' ಜಾತಿಯವು. ಕೆಲವೇ ಮನೆತನಗಳು ಬಿಚ್ಚಿಟ್ಟ ಗುಟ್ಟಿನಿಂದ ಇಡೀ ಜಗತ್ತಿನ ರೋಗಿಗಳ ಬಾಗಿಲು ತೆರೆಯಿತು.

ತಂಡ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಮನೆತನಗಳಲ್ಲಿ ಬೇರೆ ಜೀನುಗಳು ಸಿಕ್ಕವು: 1997ರಲ್ಲಿ ಮೆಟ್, 2002ರಲ್ಲಿ ಫಾಲಿಕ್ಯುಲಿನ್. ಕಿಡ್ನಿ ಕ್ಯಾನ್ಸರ್ ಎಂಬುದು ಒಂದು ರೋಗವಲ್ಲ, ಒಂದೇ ಹೆಸರಿನ ಹಲವು ರೋಗಗಳು ಎಂದು ತಿಳಿಯಿತು. ಇದು ಬರೀ ಪುಸ್ತಕದ ಮಾತಲ್ಲ. ವಿಎಚ್‌ಎಲ್ ಇರುವವರಲ್ಲಿ ಗಡ್ಡೆ 3 ಸೆಂಟಿಮೀಟರ್ ಆಗುವವರೆಗೆ ಕಾದು ನೋಡಿ, ಆಮೇಲೆ ಗಡ್ಡೆಯನ್ನಷ್ಟೇ ಕೆತ್ತಿ ತೆಗೆದು ಮೂತ್ರಪಿಂಡ ಉಳಿಸಬಹುದು ಎಂಬ ಪದ್ಧತಿ ಈ ಕೆಲಸದಿಂದ ಬಂತು. ಎರಡೂ ಕಿಡ್ನಿ ಕಳೆದುಕೊಂಡು ಡಯಾಲಿಸಿಸ್‌ಗೆ ಹೋಗಬೇಕಾದವರು ಇದರಿಂದ ಉಳಿದುಕೊಂಡರು. ಆದರೆ ಇನ್ನೊಂದು ಆನುವಂಶಿಕ ಜಾತಿಯಲ್ಲಿ ಹೀಗೆ ಕಾಯುವುದು ಪ್ರಾಣಕ್ಕೇ ಅಪಾಯ. ಗಡ್ಡೆ ಕಂಡ ಕೂಡಲೇ ತೆಗೆಯಬೇಕು. ಯಾವ ಜಾತಿ ಎಂದು ತಿಳಿಯಲು ಮನೆತನದ ಇತಿಹಾಸ ದೊಡ್ಡ ಸುಳಿವು. ನಮ್ಮ ವೈದ್ಯರು ಕೇಳಿದ ಪ್ರಶ್ನೆಯ ಅರ್ಥ ನನಗೆ ಆಗ ಹೊಳೆಯಿತು.

ಇನ್ನು ಈ ಜೀನು ಮಾಡುವ ಕೆಲಸವೇನು? ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕ್ ತುಂಬಿದಾಗ ತಾನೇ ಮೋಟರ್ ನಿಲ್ಲಿಸುವ ಸ್ವಿಚ್ ಒಂದಿರುತ್ತದೆ. ವಿಎಚ್‌ಎಲ್ ಆ ಸ್ವಿಚ್ ಇದ್ದಂತೆ. ಜೀವಕೋಶಕ್ಕೆ ಆಮ್ಲಜನಕ ಕಡಿಮೆಯಾದಾಗ ಹಿಫ್ ಎಂಬ ಪ್ರೋಟೀನ್ ಹೆಚ್ಚಿ, ಹೊಸ ರಕ್ತನಾಳ ಬೆಳೆಸಿರಿ ಎಂದು ಆಜ್ಞೆ ಕೊಡುತ್ತದೆ. ಆಮ್ಲಜನಕ ಸಾಕಷ್ಟಿರುವಾಗ ವಿಎಚ್‌ಎಲ್ ಪ್ರೋಟೀನ್ ಹಿಫ್‌ಗೆ ಗುರುತು ಹಚ್ಚಿ ನಾಶಕ್ಕೆ ಕಳಿಸುತ್ತದೆ. ಸ್ವಿಚ್ ಕೆಟ್ಟರೆ ಟ್ಯಾಂಕ್ ತುಂಬಿ ಹರಿದರೂ ಮೋಟರ್ ಓಡುತ್ತಲೇ ಇರುತ್ತದೆ. ರಕ್ತನಾಳಗಳು ಬೆಳೆದು ಗಡ್ಡೆಗೆ ಆಹಾರ ಒದಗಿಸುತ್ತವೆ. ಜೀವಕೋಶಗಳು ಆಮ್ಲಜನಕವನ್ನು ಗ್ರಹಿಸುವ ಈ ಬಗೆಯನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಲಿನೆಹಾನರಿಗೆ ಬರಲಿಲ್ಲ. ವಂಶವೃಕ್ಷ ಬರೆಸಿದ ಮನೆತನಗಳ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಔಷಧಗಳು ಬಂದವು. 2005ರ ಕೊನೆಯಲ್ಲಿ ಸೊರಾಫೆನಿಬ್, 2006ರ ಆರಂಭದಲ್ಲಿ ಸುನಿಟಿನಿಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ರಕ್ತನಾಳ ಬೆಳೆಸುವ ಸಂಕೇತವನ್ನು ತಡೆಯುವ ಮಾತ್ರೆಗಳಿವು. ನೇರವಾಗಿ ಹಿಫ್-2 ಅನ್ನೇ ಕಟ್ಟಿಹಾಕುವ ಬೆಲ್ಜುಟಿಫಾನ್ ಎಂಬ ಮಾತ್ರೆಯ ಬೇರು ಡಲ್ಲಾಸಿನ ವಿಶ್ವವಿದ್ಯಾಲಯವೊಂದರ ಸಂಶೋಧನೆಯಲ್ಲಿದೆ. ಅದನ್ನು ಕಿಡ್ನಿ ಗಡ್ಡೆಯಿದ್ದ 61 ವಿಎಚ್‌ಎಲ್ ರೋಗಿಗಳಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಲಿನೆಹಾನರ ತಂಡವೂ ಇತ್ತು. ಶೇ. 49 ಜನರಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು. 2021ರ ಆಗಸ್ಟ್‌ನಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ಜೀನು ಸಿಕ್ಕಿದ್ದು 1993ರಲ್ಲಿ, ಮಾತ್ರೆ ಸಿಕ್ಕಿದ್ದು 2021ರಲ್ಲಿ: ನಡುವೆ 28 ವರ್ಷ. ಇದು ಸರ್ವರೋಗಕ್ಕೆ ಮದ್ದಲ್ಲ. ರಕ್ತಹೀನತೆಯಂಥ ಅಡ್ಡಪರಿಣಾಮಗಳಿವೆ, ಬೆಲೆಯೂ ನಮ್ಮಂಥವರ ಕೈಗೆ ಎಟುಕುವಂಥದಲ್ಲ. ಆದರೂ ದಾರಿ ತೆರೆದಿದೆ.

ನಮ್ಮ ಭಾಗದಲ್ಲಿಯೂ ವ್ಯವಸ್ಥೆ ಬೆಳೆದಿದೆ. ಬೆಳಗಾವಿಯಲ್ಲಿ 1963ರಿಂದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದೆ. ವೈದ್ಯರು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡಬೇಕಾದವರು ನಾವು.

ಕಾಕಾನಿಗೆ ಇದ್ದದ್ದು ಆನುವಂಶಿಕವೇ ಅಲ್ಲವೇ ಎಂಬುದು ಅವರೊಂದಿಗೇ ಹೋಯಿತು. ಕಿಡ್ನಿ ಕ್ಯಾನ್ಸರುಗಳಲ್ಲಿ ಬಹುಪಾಲು ವಂಶದಿಂದ ಬಂದವಲ್ಲ; ಹಾಗಾಗಿ ಯಾರೂ ಗಾಬರಿಯಾಗಬೇಕಿಲ್ಲ, ಯಾವ ಮನೆತನಕ್ಕೂ ಕಳಂಕ ಹಚ್ಚಬೇಕಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮಗಳೂ ಬಂದಿದ್ದಳು. ಯಾರ ಲಗ್ನಕ್ಕಾಗಿ ಅಜ್ಜಿ ಮಾತು ಮುಚ್ಚಿಟ್ಟಿದ್ದಳೋ ಅವಳೇ. ಈಗ ಎರಡು ಮಕ್ಕಳ ತಾಯಿ. ಮಗನ ನೋಟುಬುಕ್ಕಿನ ಹಾಳೆ ಹರಿದು, ಅಜ್ಜಿಯ ಮುಂದೆ ಕುಳಿತು, "ಹೇಳಬೇ ಆಯಿ, ಯಾರ್‍ಯಾರಿಗೆ ಏನೇನಾಗಿತ್ತು? ಒಂದೂ ಬಿಡಬ್ಯಾಡ" ಎಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದಳು. ಹಾಳೆಯ ಎರಡೂ ಬದಿ ತುಂಬಿತು. ಅದನ್ನು ಹಿಡಿದುಕೊಂಡು ನಾವಿಬ್ಬರೂ ವೈದ್ಯರ ಬಳಿ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡೆವು. ಸದ್ಯಕ್ಕೆ ಏನೂ ಇಲ್ಲ. ಹಾಳೆಯನ್ನು ವೈದ್ಯರು ಕಡತದಲ್ಲಿ ಇಟ್ಟುಕೊಂಡರು.

ಊರಿನ ಹಿರಿಯರಲ್ಲಿ ನನ್ನ ವಿನಂತಿ ಎರಡೇ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಮ್ಮೆ ಬಂದು ನಿಂತರೂ, ಉಷ್ಣವೆಂದು ಕೂರದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಿಗೆ ಯಾವ ರೋಗವಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ, ಬರೆದಿಡಿ.